ಫೋಮ್ ಫಿಲ್ಟರ್ ಮೂಲೆಯಲ್ಲೇ ಉದುರುತ್ತಿದೆ, ಗಟ್ಟಿ ಮಾಡಿದವರು ಅನುಭವ ಹೇಳಿ

ಗಡಹಿಂಗ್ಲಜ: ನಮಸ್ಕಾರ. ಅಲ್ಯುಮಿನಿಯಂ ಎರಕದಲ್ಲಿ ಕರಗಿದ ಲೋಹ ಸೋಸಲು 10 ಪಿಪಿಐ (ಇಂಚಿಗೆ 10 ತೂತು) ಅಲ್ಯುಮಿನಾ ಫಿಲ್ಟರ್ ಮಾಡುತ್ತೇನೆ. ಸ್ಪಂಜನ್ನು ಸ್ಲರಿಯಲ್ಲಿ, ಅಂದರೆ ಅಲ್ಯುಮಿನಾ ಪುಡಿ ಕಲಸಿದ ನೀರಿನಲ್ಲಿ ಅದ್ದಿ, ಹಿಂಡಿ, ಒಣಗಿಸಿ 1550 ಡಿಗ್ರಿಗೆ ಸುಡುತ್ತೇನೆ. ಬೆರಳಲ್ಲಿ ಒತ್ತಿದರೆ ಮೂಲೆ ಪುಡಿ. ಕೊಲ್ಹಾಪುರದ ಗಿರಾಕಿ ಎರಡು ಪೆಟ್ಟಿಗೆ ವಾಪಸ್ ಕಳಿಸಿದರು. ಎರಡನೇ ಸಲ ಅದ್ದಬೇಕಾ, ಸುಡುವ ರೀತಿ ಬದಲಿಸಬೇಕಾ?

ಹೊಸೂರು: ಎರಡನೇ ಅದ್ದು ಕೊಡಿ ಸಾರ್. ನಾನು 1100ಕ್ಕೆ ಅರೆಬೇಯಿಸಿ, ತೆಳು ಸ್ಲರಿಯಲ್ಲಿ ಮತ್ತೆ ಅದ್ದಿ, ಗಾಳಿ ಊದಿ ತೂತು ಬಿಡಿಸುತ್ತೇನೆ. ಮೊದಲ 140 ತುಂಡಿನಲ್ಲಿ 62 ಮುಚ್ಚಿಹೋದವು. ಕಂಪ್ರೆಸರ್‌ಗೆ 23,000 ಕೊಟ್ಟೆ. ಅದರ ಗಾಳಿಯಲ್ಲಿ ನೀರು, ನೀರಿನ ಜೊತೆ ಎಣ್ಣೆ. ಎಣ್ಣೆ ಬಿದ್ದ ಕಡೆ ಸ್ಲರಿ ಹಿಡಿಯಲೇ ಇಲ್ಲ. ಗಾಳಿಗೆ ಫಿಲ್ಟರ್ ಹಾಕಿಸಲು ಮತ್ತೆ 4,200. ಎರಡು ಸಲ ಸುಡುವುದರಿಂದ ಕರೆಂಟ್ ಬಿಲ್ ನೋಡಿ ಮನೆಯವರು ಮಾತು ಬಿಟ್ಟರು. ಆದರೆ ಈಗ ನನ್ನ ತುಂಡಿನ ಮೇಲೆ ಮನುಷ್ಯ ನಿಲ್ಲಬಹುದು.

ಕುಂಬಳೆ: ತೂತುಗಳ ನಡುವಿನ ಕಡ್ಡಿಯೇ ಬಿರುಕು ಬಿಟ್ಟಿದ್ದರೆ ಮೇಲಿಂದ ಬಳಿದು ಏನು ಬಂತು ಮಾರಾಯ್ರೆ? ಬಿರುಕು ಹುಟ್ಟುವುದು ಸ್ಪಂಜು ಸುಟ್ಟುಹೋಗುವಾಗ. ಜೂನ್, ಜುಲೈ ಎರಡು ತಿಂಗಳು ನನ್ನ ತುಂಡು ಒಣಗುವುದೇ ಇಲ್ಲ. ಒಣಗಿದೆ ಅಂದುಕೊಂಡು ಭಟ್ಟಿಯ ಒಳಗಿಟ್ಟೆ, ಒಂದು ಇಡೀ ಲೋಡ್ ಚೂರಾಯಿತು. ಅಡಿಕೆ ಒಣಗಿಸುವ ಗೂಡಿನಲ್ಲಿ ಎರಡು ದಿನ ಇಟ್ಟ ಮೇಲೆ ಸರಿಹೋಯಿತು. ಈಗ 250ರಿಂದ 450ರವರೆಗೆ ನಿಮಿಷಕ್ಕೆ ಅರ್ಧ ಡಿಗ್ರಿ ಮಾತ್ರ ಏರಿಸುತ್ತೇನೆ. ಅಷ್ಟಕ್ಕೇ ಸುಮಾರು 7 ಗಂಟೆ. ಪಕ್ಕದಲ್ಲಿ ಕುರ್ಚಿ ಹಾಕಿ ಕೂತೇ ಇರುತ್ತೇನೆ, ಯಾಕೆಂದರೆ ಒಮ್ಮೆ ನಡುರಾತ್ರಿ ಕರೆಂಟ್ ಹೋಗಿ 18 ಗಂಟೆಯ ಕೆಲಸ ಹಾಳಾಗಿದೆ.

ಹೊಸೂರು: ನಿಮ್ಮೂರಿನ ಮಳೆಯ ಕಷ್ಟ ನಮಗಿಲ್ಲ. ಬಲ ಎಷ್ಟು ಹೆಚ್ಚಿತು, ಅದು ಹೇಳಿ.

ಕುಂಬಳೆ: ನಿಮ್ಮ ಬಲ ಬಂದದ್ದು ತೂಕದಿಂದ. ಫೋಮಿನ ತೂಕ ಒಂದೂವರೆ ಪಟ್ಟು ಮಾಡಿದರೆ ಬಲ ಲೆಕ್ಕದ ಪ್ರಕಾರವೇ ಸುಮಾರು 1.8 ಪಟ್ಟು ಆಗುತ್ತದೆ. ಅದರಲ್ಲಿ ನಿಮ್ಮ ಸಾಧನೆ ಏನು? ಒಂದೇ ತೂಕದ ಎರಡು ತುಂಡು ಒಡೆದು ನೋಡಿ, ಆಮೇಲೆ ಮಾತಾಡೋಣ. ತೂಕ ಏರಿದರೆ ತೂತು ಸಣ್ಣದಾಗುತ್ತದೆ, ಲೋಹ ನಿಧಾನ ಇಳಿಯುತ್ತದೆ. ಅದನ್ನು ಗಿರಾಕಿಗೆ ಹೇಳಿದ್ದೀರಾ?

ಹೊಸೂರು: ಮೂರು ವರ್ಷದಿಂದ ಒಬ್ಬ ಗಿರಾಕಿಯೂ ದೂರಿಲ್ಲ. ಅರ್ಧ ಡಿಗ್ರಿಯ ಜಪ ಮಾಡುತ್ತಾ ಕೂತರೆ ತಿಂಗಳಿಗೆ ಎಷ್ಟು ಲೋಡ್ ಆಗುತ್ತದೆ?

ಅಕ್ಕಲಕೋಟ: ಇಬ್ಬರೂ ಸ್ವಲ್ಪ ನಿಲ್ಲಿಸ್ರಿ. ಸ್ಪಂಜು ಹೋದ ಮೇಲೆ ಕಡ್ಡಿಯ ಒಳಗೆ ಮೂರು ಮೂಲೆಯ ಪೊಳ್ಳು ಉಳಿಯುತ್ತದೆ. ಅದನ್ನು ತುಂಬದೆ ಹೊರಗೆ ಎಷ್ಟು ಬಳಿದರೂ ಅರ್ಧ ಕೆಲಸ. ನಾನು ಅರೆಬೆಂದ ತುಂಡನ್ನು ಡಬ್ಬಿಯಲ್ಲಿಟ್ಟು, ಗಾಳಿ ಎಳೆದು, ಸಣ್ಣ ಕಣದ ಸ್ಲರಿ ಒಳಗೆ ಬಿಡುತ್ತೇನೆ. ಹಳೇ ಪಂಪು 11,500ಕ್ಕೆ ಸಿಕ್ಕಿತು. ನೀರಾವಿ ಎಳೆದು ಎಳೆದು ಅದರ ಎಣ್ಣೆ ಹಾಲಿನಂತಾಯಿತು, ನಾಲ್ಕೇ ತಿಂಗಳಿಗೆ ಜಾಮ್. ನಡುವೆ ತೇವ ಹೀರುವ ಸಿಲಿಕಾ ಜೆಲ್ ಡಬ್ಬಿ ಇಡಬೇಕೆಂದು ಆ ದುಡ್ಡು ಕಳೆದ ಮೇಲೆ ಗೊತ್ತಾಯಿತು. ಆ ಪಂಪಿನಲ್ಲಿ ಮಾಡಿದ ಎಂಟು ತುಂಡು ಇವತ್ತಿಗೂ ಮೇಜಿನ ಮೇಲಿವೆ. ಅವುಗಳಷ್ಟು ಗಟ್ಟಿ ಮತ್ತೆ ಮಾಡಿಲ್ಲ.

ಹೊಸೂರು: ಎಂಟು ತುಂಡು ಇಟ್ಟುಕೊಂಡು ನಮಗೆ ಪಾಠ ಹೇಳ್ತೀರಲ್ಲ ಅಕ್ಕಾ. ನನಗೆ ದಿನಕ್ಕೆ 200 ಬೇಕು.

ಅಕ್ಕಲಕೋಟ: ಎಣಿಕೆ ಬೇಡ ತಮ್ಮಾ. ನಿಮ್ಮ ತುಂಡನ್ನು ಒಡೆದು ಭೂತಗನ್ನಡಿಯಲ್ಲಿ ನೋಡಿದ್ದೀರಾ?

ಗಡಹಿಂಗ್ಲಜ: ನಾನು ಈಗಲೇ ನೋಡಿದೆ. ಪೊಳ್ಳು ಇದೆ. ಕಡ್ಡಿಯ ಚೂಪು ಅಂಚಿನಲ್ಲಿ ಲೇಪ ತೀರಾ ತೆಳ್ಳಗೆ, ಬಿರುಕು ಅಲ್ಲೇ ಉದ್ದಕ್ಕೆ ಓಡಿದೆ. ಸ್ಪಂಜನ್ನು ಮೊದಲು ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸಿದರೆ ಮೈ ಒರಟಾಗಿ ಸ್ಲರಿ ಹಿಡಿಯುತ್ತದಂತೆ, ಯಾರಾದರೂ ಮಾಡಿದ್ದೀರಾ?

ಕುಂಬಳೆ: ಮಾಡಿದ್ದೇನೆ. ಕೈಗವಸು ಇಲ್ಲದೆ ಮಾಡಿ ಎರಡು ಬೆರಳು ಸುಟ್ಟುಕೊಂಡೆ. ಲೇಪ ಚೆನ್ನಾಗಿಯೇ ಹಿಡಿಯಿತು. ಆದರೆ ಹೊಸೂರಿನವರು ಮೊದಲು ತೂಕದ ಲೆಕ್ಕ ಕೊಡಲಿ.

ಹೊಸೂರು: ನಾಳೆ ತಕ್ಕಡಿ ಇಟ್ಟು ಎರಡೂ ತುಂಡಿನ ಫೋಟೋ ಹಾಕುತ್ತೇನೆ. ನೀವೂ ಹಾಕಬೇಕು.