ಹೊಂಡ ತೋಡುವಾಗ ವೀರಗಲ್ಲು ಸಿಕ್ಕಿದೆ, ಮುಚ್ಚಿಬಿಡಲಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಶಿಕಾರಿಪುರದ ಹತ್ತಿರದ ಹಳ್ಳಿ. ಹೋದ ವಾರ ಕೃಷಿ ಹೊಂಡ ತೋಡಿಸುವಾಗ ಜೆಸಿಬಿಗೆ ಒಂದು ಕಲ್ಲು ತಗುಲಿತು. ನಾಲ್ಕಡಿ ಎತ್ತರ ಇರಬಹುದು. ಮೂರು ಅಂತಸ್ತಿನಲ್ಲಿ ಗೊಂಬೆಗಳಿವೆ, ನಡುವಿನ ಪಟ್ಟಿಗಳಲ್ಲಿ ಹಳೆಯ ಅಕ್ಷರ. ಬಕೆಟ್ ತಾಗಿ ಒಂದು ಮೂಲೆ ಚಕ್ಕೆ ಎದ್ದಿದೆ. ಕೆಳಗೆ ನಿಧಿ ಇದೆ ಅಂತ ಊರಲ್ಲಿ ಗುಲ್ಲು. ಚಿಕ್ಕಪ್ಪ ಮಾತ್ರ 'ಇಲಾಖೆಗೆ ಗೊತ್ತಾದರೆ ಜಮೀನು ಹೋಯ್ತು, ಸುಮ್ನೆ ಮಣ್ಣು ಮುಚ್ಚು' ಅಂತಿದ್ದಾರೆ. ಏನು ಮಾಡಲಿ?

ಉತ್ತರ (ನಿವೃತ್ತ ಶಾಸನತಜ್ಞ): ಮುಚ್ಚಬೇಡಿ. ಕಿತ್ತು ಮನೆ ಮುಂದೆ ನಿಲ್ಲಿಸಲೂ ಬೇಡಿ. ಮೊದಲು ಜೆಸಿಬಿಯನ್ನು ಆ ಮೂಲೆಯಿಂದ ಆಚೆ ಕಳಿಸಿ.

ನೀವು ಹೇಳಿದ ಲಕ್ಷಣ ನೋಡಿದರೆ ಅದು ವೀರಗಲ್ಲು. ಕೆಳಗಿನ ಅಂತಸ್ತಿನಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಅವನು ಸ್ವರ್ಗದಲ್ಲಿ ಲಿಂಗದ ಮುಂದೆಯೋ ಜಿನನ ಮುಂದೆಯೋ ಕೂತಿರುವುದು. ಹೆಚ್ಚಿನವು ಹೀಗೇ ಇರುತ್ತವೆ. ನಿಧಿಯ ಮಾತು ಬಿಡಿ. ಊರಿನ ದನ ಹೊಡೆದುಕೊಂಡು ಹೋಗುವವರನ್ನು ತಡೆಯಲು ಹೋಗಿ ಸತ್ತವನಿಗೆ ನಿಲ್ಲಿಸಿದ ಕಲ್ಲಿನ ಕೆಳಗೆ ಚಿನ್ನ ಯಾರು ಹೂಳುತ್ತಾರೆ? ಅಕ್ಷರ ಇದ್ದರೆ ಅದು ಗುಪ್ತ ನಕ್ಷೆಯಲ್ಲ. ಯಾವ ರಾಜನ ಕಾಲ, ಯಾರ ಮಗ, ಹೇಗೆ ಸತ್ತ ಅಂತ ಇರುತ್ತದೆ. ಕೆಲವೊಮ್ಮೆ ಅವನ ಮನೆಯವರಿಗೆ ಊರು ಕೊಟ್ಟ ಭೂಮಿಯ ಲೆಕ್ಕವೂ ಇರುತ್ತದೆ. ಅದಕ್ಕೆ ನೆತ್ತರುಗೊಡಗೆ ಅಂತ ಹೆಸರು. ಇದನ್ನು ಓದಲು ಬಾರದೆ ನಿಧಿಗಳ್ಳರು ಒಡೆದು ಹಾಕಿದ ಕಲ್ಲುಗಳನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಚಿಕ್ಕಪ್ಪನವರ ಭಯ ಮಾತ್ರ ಸುಳ್ಳು ಭಯ ಅಂತ ತಳ್ಳಿಹಾಕುವಂಥದ್ದಲ್ಲ, ಎಲ್ಲ ಊರಲ್ಲೂ ಇದೇ ಮಾತು. ಆದರೆ ಒಂದು ಕಲ್ಲು ಸಿಕ್ಕಿತು ಅಂತ ಜಮೀನು ಹೋಗುವುದಿಲ್ಲ. ನೂರು ಮೀಟರ್ ಒಳಗೆ ಕಟ್ಟಡ ಕಟ್ಟಬಾರದು, ಅದರಾಚೆಯ ಇನ್ನೂರು ಮೀಟರ್‌ನಲ್ಲಿ ಅನುಮತಿ ಬೇಕು ಅಂತ ಜನ ಹೆದರುವ ನಿಯಮ ಇದೆಯಲ್ಲ, ಅದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಸಂರಕ್ಷಿತ ಅಂತ ಘೋಷಿಸಿದ ಸ್ಮಾರಕಗಳಿಗೆ. ಹಾಗೆ ಘೋಷಿಸುವ ಮೊದಲೂ ಆಕ್ಷೇಪಣೆಗೆ ಎರಡು ತಿಂಗಳು ಕೊಡಬೇಕು. ನಿಮ್ಮ ಕಲ್ಲಿನ ವಿಷಯದಲ್ಲಿ ಸಾಮಾನ್ಯವಾಗಿ ಆಗುವುದು ಇಷ್ಟೇ: ಬಂದು ನೋಡುತ್ತಾರೆ, ಅಕ್ಷರಗಳ ಪ್ರತಿ ತೆಗೆಯುತ್ತಾರೆ, ಕಲ್ಲು ಊರಲ್ಲೇ ಇರಬೇಕೋ ಸಂಗ್ರಹಾಲಯಕ್ಕೆ ಹೋಗಬೇಕೋ ಅಂತ ಮಾತಾಡುತ್ತಾರೆ. ತಹಶೀಲ್ದಾರರಿಗೂ ರಾಜ್ಯ ಪುರಾತತ್ವ ಇಲಾಖೆಗೂ ಸರ್ವೆ ನಂಬರ್ ಹಾಕಿ ಪತ್ರ ಬರೆಯಿರಿ, ಫೋಟೊ ಲಗತ್ತಿಸಿ. ಸ್ವೀಕೃತಿ ತಪ್ಪದೆ ತಗೊಳ್ಳಿ.

ಪ್ರಶ್ನೆ (ಅದೇ ಊರಿನವರು): ಅಮ್ಮ ಆಗಲೇ ಕುಂಕುಮ ಹಚ್ಚಿ ದೀಪ ಇಟ್ಟಿದ್ದಾರೆ. ತಪ್ಪಾಯ್ತಾ?

ಉತ್ತರ: ಏನೂ ತಪ್ಪಿಲ್ಲ. ಪೂಜೆ ಮಾಡಿದ್ದಕ್ಕೇ ಎಷ್ಟೋ ಕಲ್ಲುಗಳು ಉಳಿದಿವೆ. ಕಲಬುರಗಿ ಜಿಲ್ಲೆಯ ಸನ್ನತಿ ಕೇಳಿದ್ದೀರಲ್ವಾ? ಅಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಗುಡಿ ಇತ್ತು. 1986ರಲ್ಲಿ ಅದರ ಚಾವಣಿ ಕುಸಿದು ಮೂರ್ತಿ ಒಡೆಯಿತು. ಕಲ್ಲುಮಣ್ಣು ತೆಗೆದಾಗ ನೋಡಿದರೆ, ಮೂರ್ತಿಯ ಪೀಠವಾಗಿದ್ದ ಚಪ್ಪಡಿಯ ಎರಡೂ ಬದಿಯಲ್ಲಿ ಅಶೋಕನ ಶಾಸನ! ಯಾವ ಕಾಲದಲ್ಲೋ ಯಾರೋ ಮೂರ್ತಿ ಕೂರಿಸಲು ಅಕ್ಷರಗಳ ನಡುವೆಯೇ ಚೌಕ ತೂತು ಕೊರೆದಿದ್ದರು. ಆಮೇಲೆ ಪಕ್ಕದ ಕನಗನಹಳ್ಳಿಯಲ್ಲಿ ಅಗೆದಾಗ ದೊಡ್ಡ ಸ್ತೂಪವೂ, ಅಶೋಕನ ಹೆಸರು ಕೊರೆದ ಅವನದೇ ಶಿಲ್ಪವೂ ಸಿಕ್ಕವು.

ರಾಯಚೂರು ಜಿಲ್ಲೆಯ ಮಸ್ಕಿಯ ಅಶೋಕ ಶಾಸನವೂ ಹೀಗೇ ಆಕಸ್ಮಿಕವಾಗಿ ಸಿಕ್ಕಿದ್ದು. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ ಬಂಡೆ ಮೇಲಿನ ಬರಹ ಕಂಡ. ಅದುವರೆಗೆ ಸಿಕ್ಕ ಅವನ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದದ್ದು. ಅವನ ಶಾಸನದಲ್ಲೇ ಅಶೋಕ ಎಂಬ ಹೆಸರು ಮೊದಲು ಸಿಕ್ಕಿದ್ದು ಅಲ್ಲಿ.

ದೀಪ ಇಡಲಿ. ಎಣ್ಣೆ ಸುರಿಯುವುದು, ಆಯಿಲ್ ಪೇಂಟ್ ಬಳಿಯುವುದು, ತಂತಿ ಬ್ರಷ್‌ನಲ್ಲಿ ಉಜ್ಜುವುದು ಬೇಡ. ನಮ್ಮ ಕಾಲದಲ್ಲಿ ನಾವೇ ಅಕ್ಷರಕ್ಕೆ ಸೀಮೆಸುಣ್ಣ ತುಂಬಿದ್ದುಂಟು, ಈಗ ಅದೂ ಬೇಕಿಲ್ಲ. ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ, ಕಲ್ಲಿಗೆ ಒರಗಿದ ಹಾಗೆ ಹಿಡಿದು ಫೋಟೊ ತೆಗೆಯಿರಿ. ಹಗಲಲ್ಲಿ ಕಾಣದ ಗೆರೆ ಎದ್ದು ಕಾಣುತ್ತದೆ.

ಪ್ರಶ್ನೆ (ಇನ್ನೊಬ್ಬರು): ಸರ್, ನಮ್ಮ ಹಿತ್ತಿಲಲ್ಲಿ ಪಾಯ ತೆಗೆಯುವಾಗ ಕುಡಿಕೆಯಲ್ಲಿ ಮೂವತ್ತು ನಲವತ್ತು ತಾಮ್ರದ ಕಾಸು ಸಿಕ್ಕವು, ಒಂದು ಬದಿಯಲ್ಲಿ ಆನೆ. ಐದನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆ, ಫಳಫಳ ಅಂತಿವೆ. ಅಮೆರಿಕದಲ್ಲಿರುವ ಅಣ್ಣ ಎರಡು ಒಯ್ಯುತ್ತಾನಂತೆ.

ಉತ್ತರ: ಅಯ್ಯೋ ತಂಗಿ, ಐದಕ್ಕೇ ನಿಲ್ಲಿಸಿಬಿಡಿ! ಆನೆ ಕಾಸು ಟಿಪ್ಪುವಿನದೂ ಇದೆ, ಮುಮ್ಮಡಿ ಕೃಷ್ಣರಾಜ ಒಡೆಯರದೂ ಇದೆ. ಯಾವುದು ಅಂತ ಗೊತ್ತಾಗುವುದು ಬರಹದಿಂದ, ಫಾರಸಿ ಮಾತ್ರವೋ ಕನ್ನಡವೂ ಇದೆಯೋ ಅಂತ. ಹುಳಿ ತಿನ್ನುವುದು ಆ ಬರಹವನ್ನೇ. ಉಳಿದವನ್ನು ಒಣಗಿದ ಕಾಗದದಲ್ಲಿ ಸುತ್ತಿಡಿ. ಕುಡಿಕೆ ಒಡೆದಿದ್ದರೂ ಚೂರು ಎಸೆಯಬೇಡಿ, ಒಳಗಿನ ಮಣ್ಣೂ ಇರಲಿ. ಎಷ್ಟು ಆಳದಲ್ಲಿ ಸಿಕ್ಕಿತು ಬರೆದಿಡಿ.

ಮಣ್ಣಲ್ಲಿ ಹೂತದ್ದು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು, ಅದು ನಿಧಿ ಕಾಯ್ದೆ. ಬ್ರಿಟಿಷರದ್ದು 1878ರದು, ನಮ್ಮ ರಾಜ್ಯದ್ದು 1962ರದು. ಮುಚ್ಚಿಟ್ಟರೆ ಶಿಕ್ಷೆ. ಅಣ್ಣನಿಗೆ ಫೋಟೊ ಕಳಿಸಿ ಸಾಕು. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ದೇಶದಾಚೆ ಒಯ್ಯುವಂತಿಲ್ಲ. ಒಂದು ಕಾಸಾದರೂ ಅಷ್ಟೇ.

ಮೊದಲು ಕೇಳಿದವರು: ಸರ್, ರಾತ್ರಿ ಟಾರ್ಚ್ ಹಿಡಿದು ತೆಗೆದೆ. ಕನ್ನಡ ಎಂ.ಎ. ಓದುತ್ತಿರುವ ಮಗಳು ಎರಡನೇ ಸಾಲಲ್ಲಿ 'ತುಱು' ಅಂತ ಓದಿದಳು. ಪತ್ರವನ್ನೂ ಕೊಟ್ಟು ಬಂದೆ. ಚಿಕ್ಕಪ್ಪನವರೇ ಜೊತೆಗೆ ಬಂದಿದ್ದರು.

ಉತ್ತರ: ಮಗಳು ಓದಿದ್ದು ಸರಿ. ತುಱು ಅಂದರೆ ದನ, ಅಂದ ಮೇಲೆ ಇವನು ತುಱುಗೋಳಿನಲ್ಲೇ, ಅಂದರೆ ದನಗಳನ್ನು ಹೊಡೆದುಕೊಂಡು ಹೋಗುವ ದಾಳಿಯಲ್ಲೇ, ಸತ್ತವನಿರಬೇಕು. ಹೆಸರು ಮೂರನೇ ಸಾಲಿನ ಕೊನೆಯಲ್ಲಿ ಇರಬೇಕಿತ್ತು, ಚಕ್ಕೆ ಎದ್ದಿರುವುದೂ ಅಲ್ಲೇ. ಜೆಸಿಬಿ ಎತ್ತಿ ಹಾಕಿದ ಮಣ್ಣಿನ ಗುಡ್ಡೆ ಇನ್ನೂ ಅಲ್ಲೇ ಇದ್ದರೆ ಜರಡಿ ಹಿಡಿದು ನೋಡಿ.