‘ಬಾಲ್‌ರೂಮ್’ ನೃತ್ಯಕ್ಕೆ ಕನ್ನಡದಲ್ಲಿ ಏನೆನ್ನೋಣ?

ಬಂಗಾರಪೇಟೆಯ ನಮ್ಮ ಪ್ರೌಢಶಾಲೆಯಲ್ಲಿ ಮಕ್ಕಳು ತಿಂಗಳಿಗೊಂದು ಗೋಡೆ ಪತ್ರಿಕೆ ತರುತ್ತಾರೆ. ಈ ಸಲ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಯೂರೋವಿಷನ್ ನೃತ್ಯ ಸ್ಪರ್ಧೆಯ (ಯೂರೋಪಿನ ದೇಶಗಳ ಜೋಡಿಗಳು ಟಿವಿಯಲ್ಲಿ ಪೈಪೋಟಿ ನಡೆಸುತ್ತಿದ್ದ ಸ್ಪರ್ಧೆ) ಬಗ್ಗೆ ಬರೆದುಕೊಂಡು ಬಂದಳು. ವಿಷಯವನ್ನು ಚೆನ್ನಾಗಿ ಕಲೆಹಾಕಿದ್ದಳು. 2007ರಲ್ಲಿ ಲಂಡನ್ನಿನಲ್ಲಿ ಹದಿನಾರು ದೇಶಗಳು ಸೇರಿದ್ದವು, ಫಿನ್‌ಲೆಂಡ್ ಗೆದ್ದಿತು. 2008ರಲ್ಲಿ ಗ್ಲಾಸ್ಗೋದಲ್ಲಿ ಹದಿನಾಲ್ಕು ದೇಶಗಳು, ಗೆದ್ದದ್ದು ಪೋಲೆಂಡ್. ಮುಂದಿನ ವರ್ಷ ಅಜರ್‌ಬೈಜಾನಿನ ಬಾಕುವಿನಲ್ಲಿ ನಡೆಯಬೇಕಿದ್ದದ್ದು ನಡೆಯಲೇ ಇಲ್ಲ. ಆದರೆ ಎರಡು ಕಡೆ ನನ್ನ ಪೆನ್ನು ನಿಂತಿತು. ಒಂದು, ಇಬ್ಬರು ಜೊತೆಯಾಗಿ ಕೈಹಿಡಿದು ಮಾಡುವ ಬಾಲ್‌ರೂಮ್ ನೃತ್ಯಕ್ಕೆ ಅವಳು ಬರೆದಿದ್ದ ‘ಚೆಂಡುಕೋಣೆಯ ನೃತ್ಯ’. ಇನ್ನೊಂದು, ‘ಪೋಲೆಂಡಿನ ದಂಪತಿ ಗೆದ್ದರು’.

ಎರಡನೆಯದನ್ನು ತಿದ್ದುವುದು ಸುಲಭವಾಗಿತ್ತು. ಅಲ್ಲಿ ಗೆದ್ದವರು ನರ್ತಕಿ ಎಡಿಟಾ ಹೆರ್ಬುಶ್ ಮತ್ತು ನಟ ಮಾರ್ಚಿನ್ ಮ್ರೊಚೆಕ್. ಅವರು ಗಂಡ ಹೆಂಡತಿಯಲ್ಲ, ಆ ಸ್ಪರ್ಧೆಗೆ ಜೊತೆಯಾದವರು. ಇಂಗ್ಲಿಷಿನ ‘ಕಪಲ್’ ಈ ಎರಡು ಬಗೆಯವರನ್ನೂ ಒಂದೇ ಹೆಸರಿನಲ್ಲಿ ಕರೆಯುತ್ತದೆ. ಕನ್ನಡದ ‘ದಂಪತಿ’ ಮದುವೆಯಾದವರಿಗೆ ಮಾತ್ರ. ಪತ್ರಿಕೆಗಳಲ್ಲೂ ಈ ತಪ್ಪನ್ನು ಕಂಡಿದ್ದೇನೆ, ಪ್ರತಿ ಸಲವೂ ನೋವಾಗುತ್ತದೆ. ‘ಜೋಡಿ’ ಎಂದರೆ ಸಾಕು. ನಮ್ಮ ಕಡೆ ‘ಜೋಡಿ’ ಎಂಬುದು ಇನಾಂ ಗ್ರಾಮಗಳ ಕಂದಾಯದ ಮಾತೂ ಹೌದು, ಊರ ಹೆಸರುಗಳಿಗೂ ಅದು ಅಂಟಿಕೊಂಡಿದೆ. ಆದರೆ ನೃತ್ಯದ ಸಂದರ್ಭದಲ್ಲಿ ಯಾರೂ ಗೊಂದಲಪಡುವುದಿಲ್ಲ.

ಮೊದಲನೆಯದು ಹಾಗಲ್ಲ. ಹುಡುಗಿ ಚೆಂಡು ಎಂದುಕೊಂಡದ್ದು ಚೆಂಡೇ ಅಲ್ಲ. ನೃತ್ಯಕೂಟಕ್ಕೆ ಹೇಳುವ ‘ಬಾಲ್’ ಫ್ರೆಂಚಿನಿಂದ ಬಂದದ್ದು; ಅದರ ಹಿಂದೆ ಕುಣಿಯುವುದು ಎಂಬ ಅರ್ಥದ ‘ಬಲ್ಲಾರೆ’ ಎಂಬ ಲ್ಯಾಟಿನ್ ಪದವಿದೆ. ‘ಬ್ಯಾಲೆ’ ಅದೇ ಬಳಗದ ಮಾತು. ಆಡುವ ಚೆಂಡಿನ ‘ಬಾಲ್’ ಉತ್ತರ ಯೂರೋಪಿನ ಬೇರೆ ಮೂಲದ್ದು. ಇದನ್ನು ತರಗತಿಯಲ್ಲಿ ವಿವರಿಸಿದಾಗ ಮಕ್ಕಳು ಕೇಳಿದರು: ಹಾಗಾದರೆ ಕನ್ನಡದಲ್ಲಿ ಏನು ಬರೆಯಬೇಕು ಮೇಡಂ? ನನ್ನ ಬಳಿ ಉತ್ತರವಿರಲಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಕುಣಿತ, ನೃತ್ಯ, ನೃತ್ತ, ನಾಟ್ಯ, ಆಟ ಎಂದು ನಮ್ಮಲ್ಲಿ ಪದಗಳಿಗೆ ಬರವಿಲ್ಲ. ‘ದಶರೂಪಕ’ ಎಂಬ ಸಂಸ್ಕೃತ ನಾಟ್ಯಗ್ರಂಥ ಬರೆದ ಧನಂಜಯನು ಭಾವವನ್ನು ಆಶ್ರಯಿಸಿದ್ದು ನೃತ್ಯ, ತಾಳಲಯಗಳನ್ನು ಆಶ್ರಯಿಸಿದ್ದು ನೃತ್ತ ಎಂದು ಬೇರ್ಪಡಿಸಿದ್ದಾನೆ. ಆ ಅಳತೆಯಲ್ಲಿ ವಾಲ್ಟ್ಸ್ ಎಂಬ ಮೂರು ಎಣಿಕೆಯ ಬಾಲ್‌ರೂಮ್ ನೃತ್ಯ ನೃತ್ತವೇ ಸರಿ. ಅದು ಕಥೆ ಹೇಳುವುದಿಲ್ಲ, ಸುತ್ತುತ್ತದೆ. ಹೆಸರೂ ಉರುಳು, ಸುತ್ತು ಎಂಬ ಅರ್ಥದ ಜರ್ಮನ್ ಮಾತಿನಿಂದಲೇ ಬಂದಿದೆ. ಆದರೆ ಗೂಳಿಕಾಳಗದ ವೀರನನ್ನು ಅಭಿನಯಿಸುವ ಪಾಸೊ ದೋಬ್ಲೆಯನ್ನು ಬರಿಯ ನೃತ್ತ ಎನ್ನಲು ಮನಸ್ಸು ಒಪ್ಪುವುದಿಲ್ಲ. ಈಗಿನ ಕನ್ನಡದಲ್ಲಂತೂ ನೃತ್ತ ಎಂಬ ಪದ ಭರತನಾಟ್ಯದ ತರಗತಿಯಿಂದ ಹೊರಗೆ ಬಂದೇ ಇಲ್ಲ. ಇನ್ನು ‘ಕುಣಿತ’ ನನಗೆ ಬಹಳ ಪ್ರಿಯವಾದ ಪದ. ಆದರೆ ಡೊಳ್ಳು ಕುಣಿತ, ಪಟದ ಕುಣಿತ ಎಂದಾಗ ಕಣ್ಣೆದುರು ಬರುವುದು ವಾದ್ಯದ ಪೆಟ್ಟು, ನೆಲದಿಂದ ಮೇಲೇಳುವ ಕಾಲು. ಬಾಲ್‌ರೂಮಿನ ಇನ್ನೊಂದು ನೃತ್ಯವಾದ ಸ್ಲೋ ಫಾಕ್ಸ್‌ಟ್ರಾಟ್‌ನಲ್ಲಿ ಪಾದ ನೆಲ ಬಿಟ್ಟಂತೆ ಕಾಣುವುದೇ ಇಲ್ಲ, ಜಾರುತ್ತದೆ. ‘ಬಾಲ್‌ರೂಮ್ ಕುಣಿತ’ ಎಂದು ಬರೆದು ನೋಡಿದೆ. ಓದಿದಾಗ ಕಿವಿ ತಡೆಯಿತು.

‘ರೂಮ್’ ಭಾಗಕ್ಕೆ ಒಬ್ಬ ಹಿರಿಯ ಸಹೋದ್ಯೋಗಿ ‘ನೃತ್ಯಮಂಟಪ’ ಎಂದು ಸೂಚಿಸಿದರು. ಕೋಲಾರದ ಸೋಮೇಶ್ವರ ದೇವಸ್ಥಾನದ ಕೆತ್ತನೆಯ ಕಂಬಗಳನ್ನು ನೋಡಿದವರಿಗೆ ಮಂಟಪ ಎಂಬ ಮಾತು ಹತ್ತಿರವೇ. ಆದರೆ ನೃತ್ಯಮಂಟಪದಲ್ಲಿ ನರ್ತಿಸುವವರು ಕೆಲವರು, ಉಳಿದವರು ನೋಡುವವರು. ಬಾಲ್‌ರೂಮ್ ಹುಟ್ಟಿದ್ದು ಬಂದವರೆಲ್ಲ ಹೆಜ್ಜೆ ಹಾಕುವ ಜಾಗವಾಗಿ. ಯೂರೋವಿಷನ್ ಸ್ಪರ್ಧೆ ಆ ಕೂಟವನ್ನು ಮನೆಯಲ್ಲಿ ಕುಳಿತು ನೋಡುವ ಪಂದ್ಯವಾಗಿಸಿತು. 2007ರಲ್ಲಿ ನೋಡುಗರ ದೂರವಾಣಿ ಮತವೇ ಗೆಲುವನ್ನು ತೀರ್ಮಾನಿಸಿತು, ಮರುವರ್ಷ ತಜ್ಞರ ಅಂಕಗಳೂ ಸೇರಿದವು. ಮಂಟಪವೂ ಸಲ್ಲದು, ಕೋಣೆಯೂ ಸಲ್ಲದು ಎಂದಾದಾಗ ಜಾಗವನ್ನೇ ಕೈಬಿಟ್ಟು ಮುಖ್ಯ ಲಕ್ಷಣವನ್ನು ಹಿಡಿಯೋಣ ಎನಿಸಿತು. ಇಬ್ಬರು ಕೈಹಿಡಿದು ಮಾಡುವುದರಿಂದ ‘ಜೋಡಿನೃತ್ಯ’. ಸದ್ಯಕ್ಕೆ ಗೋಡೆ ಪತ್ರಿಕೆಯಲ್ಲಿ ಅದೇ ಇದೆ. ಇದಕ್ಕೆ ಒಂದು ಆಕ್ಷೇಪ ನನಗೇ ಹೊಳೆದಿದೆ: ಸಿನಿಮಾ ಹಾಡಿನಲ್ಲಿ ನಾಯಕ ನಾಯಕಿ ಮಾಡುವುದೂ ಜೋಡಿನೃತ್ಯವೇ ತಾನೆ?

ನನಗೆ ಹೆಚ್ಚು ಆಸೆ ಹುಟ್ಟಿಸಿದ್ದು ಇನ್ನೊಂದು ತೊಡಕು. ಈ ನೃತ್ಯದಲ್ಲಿ ಒಬ್ಬರು ‘ಲೀಡ್’, ಇನ್ನೊಬ್ಬರು ‘ಫಾಲೋ’. ಮುಂದಾಳು, ಹಿಂಬಾಲಕಿ ಎಂದರೆ ಚಿತ್ರವೇ ಕೆಡುತ್ತದೆ; ಅವರು ಎದುರುಬದುರು ನಿಂತಿರುತ್ತಾರೆ, ಯಾರ ಬಾಲವನ್ನೂ ಯಾರೂ ಹಿಡಿದಿರುವುದಿಲ್ಲ. ಎದೆ ಮತ್ತು ತೋಳಿನ ಸಣ್ಣ ಒತ್ತಡದಿಂದ ಒಬ್ಬರು ದಿಕ್ಕು ತಿಳಿಸಿದರೆ ಇನ್ನೊಬ್ಬರು ಅದನ್ನು ಅರಿತು ಹೆಜ್ಜೆಯಾಗಿಸುತ್ತಾರೆ. ಇದಕ್ಕೆ ಕನ್ನಡದ ‘ಇಸು’ ಪ್ರತ್ಯಯ ಹೇಳಿ ಮಾಡಿಸಿದಂತಿದೆ. ತಿರುಗುವವಳು, ತಿರುಗಿಸುವವನು, ನಡೆಯುವವಳು, ನಡೆಸುವವನು. ಎರಡೂ ಒಂದೇ ಧಾತುವಿನಿಂದ ಹೊರಟು ಒಂದೇ ಕೆಲಸವನ್ನು ಹಂಚಿಕೊಳ್ಳುತ್ತವೆ. ಮೇಲಾಗಿ ‘ನಡೆ’ ನಮ್ಮ ತಾಳದ ಮಾತೂ ಹೌದು, ತಿಸ್ರ ನಡೆ ಎನ್ನುತ್ತೇವಲ್ಲ. ‘ಕುಣಿಸು’ ಮಾತ್ರ ಬೇಡ, ಬೆರಳ ತುದಿಯಲ್ಲಿ ಕುಣಿಸುವುದು ಬೇರೆಯೇ ಅರ್ಥ. ಕೋಲಾಟದಲ್ಲಿ ಎದುರು ನಿಂತು ಕೋಲು ಕೊಡುವವರನ್ನು ‘ಜೊತೆಗಾರ’, ‘ಜೊತೆಗಾತಿ’ ಎನ್ನುವುದನ್ನು ಕೇಳಿದ್ದೇನೆ. ‘ಪಾರ್ಟ್‌ನರ್’ಗೆ ಅದನ್ನೇ ಇಟ್ಟುಕೊಳ್ಳಬಹುದು.

ಇಂಥ ಸ್ಪರ್ಧೆಗಳಲ್ಲಿ ಬರುವ ‘ಲ್ಯಾಟಿನ್ ನೃತ್ಯ’ದ ಬಗ್ಗೆಯೂ ಒಂದು ಮಾತು. ಸಾಂಬಾ, ರುಂಬಾ, ಚಾ ಚಾ ಚಾ, ಪಾಸೊ ದೋಬ್ಲೆ, ಜೈವ್ ಈ ಗುಂಪಿನವು. ಹೆಸರು ಬಂದದ್ದು ಲ್ಯಾಟಿನ್ ಅಮೆರಿಕದಿಂದ, ಲ್ಯಾಟಿನ್ ಭಾಷೆಯಿಂದ ನೇರವಾಗಿ ಅಲ್ಲ. ‘ಲ್ಯಾಟಿನ್ ಅಮೆರಿಕನ್’ ಎಂದು ಪೂರ್ತಿ ಬರೆಯುವುದು ಒಳ್ಳೆಯದು.

ಕೊನೆಯದಾಗಿ ನನ್ನ ಮುಖ್ಯ ಪ್ರಶ್ನೆ. ನಮ್ಮಿಂದ ಕೂಗಳತೆಯ ದೂರದ ಕೆಜಿಎಫ್‌ನಲ್ಲಿ 1880ರಿಂದ ಜಾನ್ ಟೇಲರ್ ಕಂಪನಿಯ ಆಡಳಿತವಿತ್ತು. ಬ್ರಿಟಿಷರೂ ಆಂಗ್ಲೋ ಇಂಡಿಯನ್ ಕುಟುಂಬಗಳೂ ಕ್ರಿಸ್‌ಮಸ್, ಹೊಸ ವರ್ಷದ ರಾತ್ರಿಗಳಲ್ಲಿ ಹೀಗೆಯೇ ಜೋಡಿಯಾಗಿ ನರ್ತಿಸುತ್ತಿದ್ದರು. ಗಣಿ 2001ರಲ್ಲಿ ಮುಚ್ಚಿತು. ಆ ಮನೆಗಳಲ್ಲಿ, ಕ್ಲಬ್ಬುಗಳಲ್ಲಿ ಅಡುಗೆ ಮಾಡಿದವರು, ದೀಪ ಹಚ್ಚಿದವರು, ವಾದ್ಯ ಹೊತ್ತವರು ಕನ್ನಡ, ತಮಿಳು, ತೆಲುಗು ಆಡುವ ನಮ್ಮವರೇ. ಕಿಟಕಿಯಾಚೆ ನಿಂತು ನೋಡಿದ್ದನ್ನು ಮನೆಗೆ ಬಂದು ಅವರು ಯಾವುದೋ ಒಂದು ಪದದಲ್ಲಿ ಹೇಳಿರಲೇಬೇಕು. ಮಾರಿಕುಪ್ಪಂ, ಊರಿಗಾಂ, ಚಾಂಪಿಯನ್ ರೀಫ್ ಕಡೆಯವರು ಯಾರಾದರೂ ಇದ್ದರೆ ನಿಮ್ಮ ಅಜ್ಜಿ, ತಾತಂದಿರನ್ನು ಕೇಳಿ ಆ ಪದವನ್ನು ತಿಳಿಸುವಿರಾ? ಸಿಕ್ಕರೆ ಗೋಡೆ ಪತ್ರಿಕೆಯಿಂದ ‘ಜೋಡಿನೃತ್ಯ’ವನ್ನು ತೆಗೆದು ಅದನ್ನೇ ಬರೆಸುತ್ತೇನೆ.