ಫೋರ್ಕ್ ಔಟ್ ಅಂತಿದ್ದಾರೆ, ಎರಡೂ ಪೈಪ್ ಹೊಸದು ಹಾಕಿಸಲೇಬೇಕಾ?

ಪ್ರಶ್ನೆ: ಸರ್, ನನ್ನದು 2022ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕ್. ಮಳೆಯಲ್ಲಿ ಮನೆ ಮುಂದಿನ ಇಳಿಜಾರಲ್ಲಿ ಯೂ ಟರ್ನ್ ಹೊಡೀವಾಗ ಕಾಲು ಜಾರಿ ಬಂಡಿ ಬಲಕ್ಕೆ ಬಿತ್ತು. ಸ್ಪೀಡ್ ಇರಲೇ ಇಲ್ಲ, ನನಗೇನೂ ಆಗಿಲ್ಲ. ಎತ್ತಿದ ಮೇಲೆ ತುಂಬಾ ಹೊತ್ತು ಸ್ಟಾರ್ಟ್ ಆಗಲಿಲ್ಲ, ಆದಾಗ ಹೊಗೆ ಬಂತು. ಈಗ ನೇರ ಹೋಗುವಾಗ ಹ್ಯಾಂಡಲ್ ಒಂಚೂರು ಬಲಕ್ಕೆ ತಿರುಗಿದ ಹಾಗೆ ಕಾಣುತ್ತೆ. ಬ್ರೇಕ್ ಲಿವರ್ ಬಗ್ಗಿದೆ, ಹಿಡಿದರೆ ಮೆತ್ತಗಿದೆ. ಹತ್ತಿರದ ಗ್ಯಾರೇಜಿನವರು ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಜೋಡಿ ಶಾಕ್) ಔಟ್, ಅಂದರೆ ಓರೆಯಾಗಿದೆ, ಅದರ ಎರಡೂ ಪೈಪ್ ಬದಲಿಸಿ ಅಂತಾರೆ. ನಿಜವಾ?

ಮೆಕ್ಯಾನಿಕ್: ಪೈಪ್‌ಗೆ ಈಗಲೇ ದುಡ್ಡು ಕೊಡಬೇಡಿ. ನಿಂತ ಜಾಗದಲ್ಲಿ ಬಿದ್ದ ಬಂಡಿಯಲ್ಲಿ ಫೋರ್ಕ್ ಪೈಪ್ ಬಗ್ಗೋದು ಅಪರೂಪ. ಹ್ಯಾಂಡಲ್ ತುದಿ ನೆಲಕ್ಕೆ ಬಡಿದಾಗ ಆ ಏಟಿಗೆ ಪೈಪ್‌ಗಳು ಟಿ ಕ್ಲ್ಯಾಂಪಿನೊಳಗೆ (ಎರಡೂ ಪೈಪನ್ನು ಮೇಲೆ, ಕೆಳಗೆ ಹಿಡಿದಿರುವ ಪ್ಲೇಟ್) ಒಂದಿಷ್ಟು ಜಾರಿ ತಿರುಚಿಕೊಳ್ಳುತ್ತವೆ. ಬಗ್ಗಿದ್ದರೆ ಹೊಸದು ಹಾಕಬೇಕು. ತಿರುಚಿದ್ದರೆ ಬೋಲ್ಟ್ ಸಡಿಲಿಸಿ ಸರಿ ಮಾಡಿದರೆ ಮುಗೀತು.

ನೀವೇ ನೋಡಬಹುದು. ಮೇನ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ನೇರ ಇಟ್ಟು, ಸೀಟಿನ ಮೇಲಿಂದ ಮೇಲಿನ ಟಿ ಪ್ಲೇಟ್ ಗಮನಿಸಿ. ಎರಡು ಫೋರ್ಕ್ ಕ್ಯಾಪ್‌ಗಳನ್ನು (ಪೈಪ್ ತುದಿಯ ಮುಚ್ಚಳ) ಸೇರಿಸುವ ಗೆರೆ ಚಕ್ರಕ್ಕೆ ಅಡ್ಡಲಾಗಿ ಸರಿಯಾಗಿದ್ದು, ಹ್ಯಾಂಡಲ್ ಮಾತ್ರ ಓರೆ ಇದ್ದರೆ ಹ್ಯಾಂಡಲ್ ಬಾರೇ ಬಗ್ಗಿದೆ. ಟಿ ಪ್ಲೇಟೇ ಓರೆ ಇದ್ದರೆ ಫೋರ್ಕ್ ತಿರುಚಿದೆ. ಆಮೇಲೆ ಬದಿಯಿಂದ, ಸ್ವಲ್ಪ ದೂರ ನಿಂತು ಎರಡೂ ಪೈಪ್ ಒಂದರ ಹಿಂದೊಂದು ಮರೆಯಾಗುವಂತೆ ನೋಡಿ. ಒಂದು ಮುಂದೆ, ಒಂದು ಹಿಂದೆ ಕಂಡರೆ ಅನುಮಾನ ಪಡಿ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಟ್ಯಾಂಕ್‌ವರೆಗಿನ ಸಂದು ಎರಡೂ ಬದಿ ಒಂದೇ ಇದೆಯಾ ನೋಡಿ. ಬಂಡಿಯ ಕುತ್ತಿಗೆ ಹತ್ತಿರ ಹ್ಯಾಂಡಲ್ ಅತಿಯಾಗಿ ತಿರುಗದಂತೆ ತಡೆಯುವ ಲಾಕ್ ಸ್ಟಾಪ್ ಮುರಿದಿದ್ದರೆ ಅದೂ ಆಗಲೇ ಸಿಕ್ಕಿಬೀಳುತ್ತೆ.

ಸ್ಟಾರ್ಟ್ ಆಗದ್ದಕ್ಕೆ ಹೆದರಬೇಡಿ. ಫ್ಯುಯೆಲ್ ಇಂಜೆಕ್ಷನ್ (ಕಾರ್ಬ್ಯುರೇಟರ್ ಇಲ್ಲದ) ಬಂಡಿ ವಾಲಿ ಬಿದ್ದರೆ ರೋಲ್ ಓವರ್ ಸೆನ್ಸರ್ ಎಂಜಿನ್ ನಿಲ್ಲಿಸುತ್ತೆ. ಎತ್ತಿ, ಕೀ ಆಫ್ ಮಾಡಿ ಮತ್ತೆ ಆನ್ ಮಾಡಬೇಕು. ಹೊಗೆ ಬಂದದ್ದು ಬ್ರೀದರ್ (ಎಂಜಿನ್ ಉಸಿರಾಡುವ ಪೈಪ್) ದಾರಿಯಲ್ಲಿ ಏರ್ ಫಿಲ್ಟರ್ ಇರುವ ಏರ್ ಬಾಕ್ಸಿಗೆ ಹೋದ ಎಂಜಿನ್ ಆಯಿಲ್‌ನಿಂದ. ಫಿಲ್ಟರ್ ಆಯಿಲಲ್ಲಿ ನೆಂದಿದ್ದರೆ ಬದಲಿಸಿ, ಆಯಿಲ್ ಲೆವೆಲ್ ನೋಡಿಕೊಳ್ಳಿ.

ಬ್ರೇಕ್ ಮಾತ್ರ ಸಣ್ಣ ವಿಷಯ ಅಲ್ಲ. ಬಂಡಿ ಮಲಗಿದಾಗ ಬ್ರೇಕ್ ಆಯಿಲ್ ಡಬ್ಬಿಯ (ರಿಸರ್ವಾಯರ್) ಗಾಳಿ ಬ್ರೇಕ್ ಲೈನಿಗೆ ನುಗ್ಗಿರಬಹುದು. ನಿಲ್ಲಿಸಿಕೊಂಡು ಲಿವರ್ ಹತ್ತಾರು ಸಲ ಒತ್ತಿ; ಗಟ್ಟಿ ಆಗದಿದ್ದರೆ ಬ್ಲೀಡ್ ಮಾಡಿಸದೆ (ಲೈನಿನ ಗಾಳಿ ತೆಗೆಸದೆ) ಓಡಿಸಬೇಡಿ. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತೆ, ಟ್ಯಾಂಕ್ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೀರಿ. ಬಗ್ಗಿದ ಲಿವರನ್ನು ಸುತ್ತಿಗೆಯಲ್ಲಿ ನೆಟ್ಟಗೆ ಮಾಡಿಸಬೇಡಿ. ಅಲ್ಯೂಮಿನಿಯಂ ಒಳಗೇ ಬಿರುಕು ಬಿಟ್ಟು, ಜೋರಾಗಿ ಬ್ರೇಕ್ ಹಿಡಿದ ದಿನವೇ ಕೈಗೆ ಬರುತ್ತೆ.

ಪ್ರಶ್ನೆ ಕೇಳಿದವರು: ನೋಡಿದೆ ಸರ್. ಟಿ ಪ್ಲೇಟೇ ಓರೆ ಇದೆ. ಪೈಪಲ್ಲಿ ಗೀರಿಲ್ಲ, ಆಯಿಲ್ ಸೋರಿಲ್ಲ. ಮನೇಲೇ ಮಾಡಲಾ?

ಮೆಕ್ಯಾನಿಕ್: ಟಾರ್ಕ್ ರೆಂಚ್ (ಬೋಲ್ಟನ್ನು ಅಳತೆಗೆ ಬಿಗಿ ಮಾಡುವ ಸ್ಪ್ಯಾನರ್) ಇದ್ದರೆ ಮಾಡಿ, ಇಲ್ಲದಿದ್ದರೆ ಬೇಡ. ಆಕ್ಸಲ್, ಮಡ್‌ಗಾರ್ಡ್ ಬೋಲ್ಟ್, ಕೆಳಗಿನ ಟಿ ಬೋಲ್ಟ್ ಸಡಿಲ ಮಾಡಬೇಕು. ಎಲ್ಲಾ ಒಟ್ಟಿಗೆ ಪೂರ್ತಿ ಬಿಚ್ಚಿದರೆ ಪೈಪ್ ಜಾರುತ್ತೆ, ಹುಷಾರು. ಚಕ್ರ ಮಂಡಿ ನಡುವೆ ಹಿಡಿದು ಹ್ಯಾಂಡಲ್ ಎಳೆದು ನೇರ ಮಾಡಿ, ಮುಂದಿನ ಬ್ರೇಕ್ ಹಿಡಿದು ಶಾಕ್ ಹಲವು ಸಲ ಒತ್ತಿ ಕೂರಿಸಿ, ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ ಬಿಗಿ ಮಾಡಿ. ಆಮೇಲೂ ಬಂಡಿ ಒಂದು ಕಡೆ ಎಳೆದರೆ ಪೈಪ್ ಹೊರತೆಗೆಸಿ, ದಪ್ಪ ಗಾಜಿನ ಮೇಲೆ ಉರುಳಿಸಲು ಹೇಳಿ. ಪೈಪಿಗೂ ಗಾಜಿಗೂ ನಡುವೆ ಕಾಣುವ ಬೆಳಕಿನ ಗೆರೆ ಉರುಳುವಾಗ ಹೆಚ್ಚುಕಮ್ಮಿ ಆದರೆ ಆಗ ಆ ಗ್ಯಾರೇಜಿನವರು ಹೇಳಿದ್ದು ಸರಿ. ಹಾಂ, ಹಿಂದಿನ ಬ್ರೇಕ್ ಪೆಡಲ್ ಮರೀಬೇಡಿ. ಬಲಕ್ಕೆ ಬಿದ್ದರೆ ಅದು ಒಳಗೆ ಮಡಚಿ, ಬ್ರೇಕ್ ಲೈಟ್ ಹತ್ತಿಕೊಂಡೇ ಇರುತ್ತೆ.

ಇನ್ನೊಬ್ಬ ಸದಸ್ಯ: ಇಷ್ಟಕ್ಕೆ ಇನ್ಶೂರೆನ್ಸ್ ಕ್ಲೇಮ್ ಮಾಡೋದು ಒಳ್ಳೇದಲ್ವಾ?

ಮೆಕ್ಯಾನಿಕ್: ಲಿವರ್, ಮಿರರ್, ಇಂಡಿಕೇಟರ್ ಇಷ್ಟೇ ಆದರೆ ನಾನಂತೂ ಬೇಡ ಅಂತೀನಿ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ 20%, ಐದು ವರ್ಷಕ್ಕೆ 50% ತನಕ ಏರುವ ನೋ ಕ್ಲೇಮ್ ಬೋನಸ್ (ಪ್ರೀಮಿಯಂ ರಿಯಾಯಿತಿ) ಒಂದೇ ಕ್ಲೇಮಿಗೆ ಸೊನ್ನೆ ಆಗುತ್ತೆ. ಅದು ಓನ್ ಡ್ಯಾಮೇಜ್ (ನಮ್ಮದೇ ಬಂಡಿಯ ಹಾನಿಗೆ ಕಟ್ಟುವ) ಪ್ರೀಮಿಯಂಗೆ ಮಾತ್ರ, ಹಾಗಾಗಿ ಲೆಕ್ಕ ಹಾಕಿಯೇ ನೋಡಿ. ಝೀರೋ ಡೆಪ್ (ಭಾಗದ ಸವಕಳಿ ಕಡಿತ ಮಾಡದ ಪಾಲಿಸಿ) ಇಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಕ್ಕೆ ಅರ್ಧ ದುಡ್ಡು ನಿಮ್ಮದೇ. ಟ್ಯಾಂಕ್ ಜಜ್ಜಿಹೋಗಿದ್ದರೆ, ಸೈಲೆನ್ಸರ್ ಹೋಗಿದ್ದರೆ ಮಾತು ಬೇರೆ. ಆಗ ಇನ್ಶೂರೆನ್ಸ್ ಸರ್ವೇಯರ್ (ಹಾನಿ ಅಂದಾಜು ಮಾಡುವವರು) ನೋಡುವ ತನಕ ಏನನ್ನೂ ಬಿಚ್ಚಿಸಬೇಡಿ.

ಮತ್ತೊಬ್ಬ ಸದಸ್ಯೆ: ನಾನೂ ಇದೇ ಬಂಡಿ ಓಡಿಸ್ತೀನಿ, 195 ಕೆಜಿ. ಬಿದ್ದರೆ ಒಬ್ಬಳೇ ಎತ್ತಬಹುದಾ?

ಮೆಕ್ಯಾನಿಕ್: ಖಂಡಿತ. ಎದುರು ನಿಂತು ಬಗ್ಗಿ ಎತ್ತಲು ಹೋದರೆ ಸೊಂಟ ಹೋಗುತ್ತೆ. ಮೊದಲು ಕೀ ಆಫ್, ಗೇರ್ ಹಾಕಿ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ತೆರೆದಿಡಿ. ಹ್ಯಾಂಡಲನ್ನು ಬಿದ್ದ ಕಡೆಗೇ ಪೂರ್ತಿ ತಿರುಗಿಸಿ, ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಕೆಳಗಿನ ಗ್ರಿಪ್, ಇನ್ನೊಂದರಲ್ಲಿ ಹಿಂದಿನ ಗ್ರ್ಯಾಬ್ ರೈಲ್ ಹಿಡೀರಿ. ಶಕ್ತಿ ಕಾಲುಗಳಿಂದ ಬರಲಿ, ಸಣ್ಣ ಹೆಜ್ಜೆಯಲ್ಲಿ ಹಿಂದಕ್ಕೆ ನಡೀರಿ, ಬಂಡಿ ತಾನೇ ಏಳುತ್ತೆ. ಸೈಲೆನ್ಸರ್ ಮುಟ್ಟಬೇಡಿ. ಎಡಕ್ಕೆ ಬಿದ್ದಿದ್ದರೆ ಆಚೆ ಬದಿ ಸ್ಟ್ಯಾಂಡ್ ಇರಲ್ಲ. ಜೋಶಲ್ಲಿ ಎತ್ತಿ ಆ ಕಡೆಗೂ ಬೀಳಿಸಿದರೆ ಎರಡೂ ಕಡೆಯ ಲಿವರ್ ಆರ್ಡರ್ ಮಾಡಬೇಕಾಗುತ್ತೆ.